ಬತ್ತಿಗೂ ಕಣ್ಣಿಗೂ ನಾಲ್ಕು ಸೆಂಟಿಮೀಟರ್

ಜೂನ್ ಎರಡನೇ ವಾರದ ಒಂದು ಬೆಳಿಗ್ಗೆ ಗೋಡೌನಿನ ಬಾಗಿಲು ತೆಗೆದರೆ ನನ್ನ ಗೆರೆ ಎಳೆಯುವ ಯಂತ್ರದ ಕಾಗದ ಹರಿದು ಎರಡಾಗಿತ್ತು. ರೋಲರ್ ತನಗೇನೂ ಗೊತ್ತಿಲ್ಲದ ಹಾಗೆ ತಿರುಗುತ್ತಿತ್ತು, ನೆನೆದ ಕಾಗದ ಅದಕ್ಕೆ ಸುತ್ತಿಕೊಂಡು ಮುದ್ದೆಯಾಗಿತ್ತು. ತೋಳು ಹರಿದ ಜಾಗದಲ್ಲೇ ಎಡಕ್ಕೂ ಬಲಕ್ಕೂ ಓಡುತ್ತ ಪ್ಲೈವುಡ್ ಹಲಗೆಗೇ ಕಾಫಿ ಶಾಯಿ ಬಳಿಯುತ್ತಿತ್ತು. ರಾತ್ರಿ ಹತ್ತಕ್ಕೆ ಬಿಟ್ಟು ಬಂದಾಗ ಎಲ್ಲ ಸರಿಯಾಗಿತ್ತು. ಅಪ್ಪ ಹಿಂದಿನಿಂದ ಇಣುಕಿ ನೋಡಿ, "ಎಂತ ಮಗ, ಹಲಗೆಗೂ ಕಾಫಿ ಕುಡಿಸ್ತಿದ್ದೀಯಾ?" ಅಂದರು.

ನಮ್ಮ ಮನೆ ಚೇರಂಬಾಣೆಯ ಹತ್ತಿರ, ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ. ಕಸುಬು ಇನ್ವರ್ಟರ್, ಮೋಟಾರ್ ಸ್ಟಾರ್ಟರ್ ರಿಪೇರಿ. ಚಿತ್ರದ ಹುಚ್ಚು ಅದಕ್ಕಿಂತ ಹಳೆಯದು. ಕಾಫಿ ಮಾರಿ ಆದಮೇಲೆ ಮಳೆಗಾಲಕ್ಕೆ ಗೋಡೌನು ಖಾಲಿ ಇರುತ್ತದೆ, ಮೇಲೆ ಜಿಂಕ್ ಶೀಟು. ಮಳೆ ಬಿದ್ದರೆ ಒಳಗೆ ಮಾತೇ ಕೇಳುವುದಿಲ್ಲ. ಆ ಸದ್ದನ್ನು ಕೇಳಿಸಿಕೊಂಡು ಕಾಗದದ ಮೇಲೆ ಗೆರೆ ಎಳೆಯುವ, ಎಳೆದದ್ದನ್ನು ತಾನೇ ನೋಡಿ ತಿದ್ದಿಕೊಳ್ಳುವ ಒಂದು ಯಂತ್ರ ಮಾಡಬೇಕು ಅಂತ ಹೊರಟದ್ದು. ಮಳೆಗೆ ಕೈಯಾಡಿಸುವ ಯಂತ್ರ ಯಾರು ಬೇಕಾದರೂ ಮಾಡಬಹುದು. ನನಗೆ ಬೇಕಾಗಿದ್ದದ್ದು ಎರಡನೆಯ ಭಾಗ, ತಾನೇ ನೋಡುವುದು.

ಸಾಮಾನು ಹೆಚ್ಚೇನಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಉಳಿದ ನ್ಯೂಸ್‌ಪ್ರಿಂಟ್ ರೋಲಿನ ತುದಿಗಳು. ಅದನ್ನು ಎಳೆಯಲು 28ಬಿವೈಜೆ-48 ಅನ್ನುವ ಐದು ವೋಲ್ಟಿನ ಸಣ್ಣ ಸ್ಟೆಪರ್ ಮೋಟಾರು. ಒಂದು ಸುತ್ತಿಗೆ 2048 ಹೆಜ್ಜೆ, ಆದ್ದರಿಂದ ಕಾಗದವನ್ನು ನಿಮಿಷಕ್ಕೆ ಒಂದೇ ಸೆಂಟಿಮೀಟರ್ ಸರಿಸುವುದು ಕಷ್ಟವಲ್ಲ. ತೋಳಿಗೆ ಒಂದು ಸರ್ವೋ ಮೋಟಾರು. ಮೊದಲು ಹಾಕಿದ ಎಸ್‌ಜಿ90ಯ ಪ್ಲಾಸ್ಟಿಕ್ ಹಲ್ಲು ಮೂರೇ ದಿನದಲ್ಲಿ ಸವೆಯಿತು, ಆಮೇಲೆ ಲೋಹದ ಹಲ್ಲಿನ ಎಂಜಿ90ಎಸ್ ಹಾಕಿದೆ. ತೋಳಿನ ತುದಿಗೆ ಸೀಮೆಎಣ್ಣೆ ಸ್ಟವ್ವಿನ ಬತ್ತಿಯ ಎಳೆ, ಅದಕ್ಕೆ ಶಾಯಿ ಹರಿಸಲು ಆಸ್ಪತ್ರೆಯ ಡ್ರಿಪ್ ಸೆಟ್ಟು. ಡ್ರಿಪ್ ಸೆಟ್ಟಿನ ಆ ಪುಟ್ಟ ಚಕ್ರವನ್ನು ಹೆಬ್ಬೆರಳಲ್ಲಿ ಉರುಳಿಸಿದರೆ ನಿಮಿಷಕ್ಕೆ ಎರಡು ಹನಿ ಬೇಕೋ ಮೂರು ಬೇಕೋ ನಿಲ್ಲಿಸಬಹುದು. ಇದಕ್ಕಿಂತ ಒಳ್ಳೆಯ ಶಾಯಿ ಕೊಳಾಯಿ ನಾನು ಕಂಡಿಲ್ಲ. ಬತ್ತಿ ದಾಟಿ ನಾಲ್ಕು ಸೆಂಟಿಮೀಟರ್ ಮುಂದೆ ಕಾಗದದ ಮೇಲೆ 'ಕಣ್ಣು': ಒಂದು ಬಿಳಿ ಎಲ್‌ಇಡಿ, ಪಕ್ಕದಲ್ಲಿ ಬೆಳಕು ಅಳೆಯುವ ಒಂದು ಎಲ್‌ಡಿಆರ್. ಒಂದು ರೂಪಾಯಿ ನಾಣ್ಯದಷ್ಟು ಜಾಗ ನೋಡುತ್ತದೆ, ಅಷ್ಟೆ. ಎಲ್ಲವೂ ಆರ್ಡುಯಿನೋ ಊನೋ ಅನ್ನುವ ಒಂದು ಸಣ್ಣ ಕಂಪ್ಯೂಟರ್ ಹಲಗೆಗೆ.

ನಿಯಮ ಒಂದೇ ಸಾಲಿನದು. ಕಣ್ಣಿಗೆ ಕಾಗದ ಬೆಳ್ಳಗೆ ಕಂಡರೆ ತೋಳು ನಿಮಿಷಕ್ಕೆ 40 ಸಲ ಓಡಾಡಬೇಕು, ಕಪ್ಪಗೆ ಕಂಡರೆ 4 ಸಲ.

ಹರಿದದ್ದು ಯಾಕೆ ಅಂತ ಗೊತ್ತಾದದ್ದು ಟಾರ್ಚ್ ಹಿಡಿದು ಬಗ್ಗಿ ನೋಡಿದಾಗ. ಒದ್ದೆ ಶಾಯಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಮೀಟರಿನಲ್ಲಿ ನೋಡಿದೆ, ಬೆಳಕು ಹೆಚ್ಚಾದಷ್ಟೂ ಅಂಕೆ ದೊಡ್ಡದು: ಖಾಲಿ ಕಾಗದಕ್ಕೆ 610, ಒಣಗಿದ ಕಪ್ಪಿಗೆ 180, ಒದ್ದೆ ಕಪ್ಪಿಗೆ 640! ಒದ್ದೆ ಕಪ್ಪು ಅದರ ಪಾಲಿಗೆ ಬಿಳಿಗಿಂತ ಬಿಳಿ. ಕಪ್ಪು ಹೆಚ್ಚಾದಷ್ಟೂ ಹೊಳಪು ಹೆಚ್ಚು, ಹೊಳಪು ಹೆಚ್ಚಾದಷ್ಟೂ ತೋಳು ಇನ್ನಷ್ಟು ಬಳಿಯುತ್ತದೆ. ತಡೆಯಬೇಕಾದ ಸರಪಳಿಯೇ ತಳ್ಳುವ ಸರಪಳಿಯಾಗಿ ಕೂತಿತ್ತು. ರಾತ್ರಿಯಿಡೀ ಅದು ಪಾಪ ಪ್ರಾಮಾಣಿಕವಾಗಿ ಕೆಲಸ ಮಾಡಿದೆ.

ಅದರಲ್ಲೂ ಅರ್ಧ ತಪ್ಪು ಶಾಯಿಯದು. ಕಾಫಿ ಡಿಕಾಕ್ಷನ್ನನ್ನು ಗಟ್ಟಿಯಾಗಿ ಕುದಿಸಿ, ಬೂಸ್ಟು ಹಿಡಿಯದಿರಲಿ ಅಂತ ಅವ್ವನ ಬಾಟಲಿಯಿಂದ ನಾಲ್ಕು ಚಮಚ ಕಾಚಂಪುಳಿ, ನಮ್ಮ ಕಡೆಯ ಕಪ್ಪು ಹುಳಿರಸ, ಸೇರಿಸಿದ್ದೆ. ಬಣ್ಣವೇನೋ ಅದ್ಭುತ. ಆದರೆ ಜೂನಿನ ಹವೆಯಲ್ಲಿ ಅದು ಒಣಗುವುದೇ ಇಲ್ಲ, ಬೆರಳಿಟ್ಟರೆ ಮಾರನೇ ದಿನವೂ ಅಂಟುತ್ತದೆ. "ಹಂದಿ ಸಾರಿಗೆ ಅಂತ ಇಟ್ಟದ್ದು ಅದು, ನಿನ್ನ ಕಾಗದಕ್ಕಲ್ಲ," ಅಂತ ಅವ್ವ ಬಾಟಲಿಯನ್ನು ಕಪಾಟಿನ ಒಳಗೆ ಇಟ್ಟರು. ಒಂದು ಲೀಟರಿಗೆ ನಾಲ್ಕು ಹನಿಗೆ ಇಳಿಸಿದೆ. ಎಲ್‌ಇಡಿಯನ್ನು 45 ಡಿಗ್ರಿ ಓರೆ ಮಾಡಿ ಎಲ್‌ಡಿಆರನ್ನು ನೇರ ಮೇಲೆ ಕೂರಿಸಿದೆ. ಹೊಳಪು ಈಗ ಆಚೆ ಬದಿಗೆ ಚಿಮ್ಮಿ ಹೋಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಎಲ್‌ಡಿಆರಿಗೆ ಕುತ್ತಿಗೆ ಮಾಡಿದೆ. ಬಾಗಿಲಿನ ಬೆಳಕು ಲೆಕ್ಕ ಕೆಡಿಸದಿರಲು ಎಲ್‌ಇಡಿ ಆರಿಸಿ ಒಂದು ಸಲ, ಹೊತ್ತಿಸಿ ಒಂದು ಸಲ ಓದಿ ಎರಡರ ವ್ಯತ್ಯಾಸ ತೆಗೆದುಕೊಳ್ಳುವ ಹಾಗೆ ಬರೆದೆ. ಎಲ್‌ಡಿಆರ್ ಸೋಮಾರಿ, ಹೊತ್ತಿಸಿದ ಮೇಲೆ ಅರ್ಧ ಸೆಕೆಂಡ್ ಕಾಯಬೇಕು. ಒದ್ದೆ ಕಪ್ಪು ಈಗ 190 ತೋರಿಸಿತು.

ಆ ರಾತ್ರಿ ಕಾಗದ ಹರಿಯಲಿಲ್ಲ. ಬೆಳಿಗ್ಗೆ ನೋಡಿದರೆ ಉದ್ದಕ್ಕೂ ಪಟ್ಟೆಪಟ್ಟೆ. ಕಪ್ಪು, ಬಿಳಿ, ಕಪ್ಪು, ಬಿಳಿ, ರಸ್ತೆ ದಾಟುವ ಗುರುತಿನ ಹಾಗೆ. ನಾನು ಕೇಳಿದ್ದು ನಡುವಿನ ಒಂದು ಬೂದು. ಸ್ಕೇಲ್ ಇಟ್ಟು ಅಳೆದೆ. ಕಪ್ಪು ಪಟ್ಟೆ ನಾಲ್ಕು ಸೆಂಟಿಮೀಟರ್. ಬಿಳಿ ಪಟ್ಟೆ ನಾಲ್ಕು. ಮುಂದಿನ ಕಪ್ಪು ನಾಲ್ಕಕ್ಕೆ ಒಂದು ಕೂದಲು ಹೆಚ್ಚು. ಸ್ಕೇಲನ್ನು ಹಾಗೇ ಎತ್ತಿ ಬತ್ತಿಗೂ ಕಣ್ಣಿಗೂ ನಡುವೆ ಹಿಡಿದೆ. ನಾಲ್ಕು.

ಬತ್ತಿಯ ಕೆಳಗೆ ಈಗ ಬಳಿದದ್ದು ಕಣ್ಣಿನ ಕೆಳಗೆ ಬರುವುದು ನಾಲ್ಕು ನಿಮಿಷದ ಮೇಲೆ. ಅಷ್ಟು ಹೊತ್ತು ಕಣ್ಣು ಹಳೆಯ ಬಿಳಿಯನ್ನೇ ನೋಡುತ್ತ 'ಬಳಿ, ಬಳಿ' ಅನ್ನುತ್ತದೆ. ಕಪ್ಪು ಬಂದು ತಲುಪಿದಾಗ 'ನಿಲ್ಲಿಸು' ಅನ್ನುತ್ತದೆ, ಆ ಹೊತ್ತಿಗೆ ನಾಲ್ಕು ಸೆಂಟಿಮೀಟರ್ ಬಳಿದು ಆಗಿದೆ. ಆಮೇಲೆ ಅದೇ ತಿರುವುಮುರುವು. ಸ್ಟೀಮ್ ಇಂಜಿನ್ ಕಾಲದಿಂದ ಇರುವ ಕಾಯಿಲೆ ಇದು. ಜೇಮ್ಸ್ ವಾಟ್ 1788ರಲ್ಲಿ ಇಂಜಿನ್ನಿನ ವೇಗ ಹಿಡಿತದಲ್ಲಿಡಲು ಗುಂಡು ತಿರುಗುವ ಗವರ್ನರ್ ಕೂರಿಸಿದ, ಅಂಥ ಗವರ್ನರುಗಳು ಎಲ್ಲಿ ಸ್ತಿಮಿತಕ್ಕೆ ಬರುತ್ತವೆ, ಎಲ್ಲಿ ಓಲಾಡುತ್ತಲೇ ಇರುತ್ತವೆ ಅಂತ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1868ರಲ್ಲಿ ಲೆಕ್ಕ ಹಾಕಿ ಬರೆದ. 1948ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ನೋಡಿ ತಿದ್ದಿಕೊಳ್ಳುವ ಈ ಇಡೀ ವಿದ್ಯೆಗೆ ಸೈಬರ್ನೆಟಿಕ್ಸ್ ಅಂತ ಹೆಸರಿಟ್ಟದ್ದು ಗ್ರೀಕರ ಚುಕ್ಕಾಣಿ ಹಿಡಿದವನ ಹೆಸರಿನಿಂದ. ದುಬಾರೆಯಲ್ಲಿ ಕಾವೇರಿ ದಾಟಿಸುವ ದೋಣಿಯವರನ್ನು ನೋಡಿದರೆ ಸಾಕು, ಅವರು ಸೆಳೆತದ ಲೆಕ್ಕ ಹಾಕುವುದಿಲ್ಲ. ಆಚೆ ದಡ ನೋಡುತ್ತಾರೆ, ದೋಣಿ ಜಾರಿದಷ್ಟು ತಿದ್ದುತ್ತಾರೆ. ಅವರು ನಾಲ್ಕು ನಿಮಿಷದ ಹಿಂದಿನ ದಡ ನೋಡಿಕೊಂಡು ಹುಟ್ಟು ಹಾಕಿದರೆ ಏನಾಗಬಹುದೋ ಅದು ನನ್ನ ಕಾಗದದ ಮೇಲಿತ್ತು.

ಅಪ್ಪನಿಗೆ ಇಷ್ಟೆಲ್ಲ ಹೇಳಬೇಕಾಗಲಿಲ್ಲ. ಪಟ್ಟೆಗಳನ್ನು ನೋಡಿ, "ವೆನಿಲ್ಲಾ" ಅಂದರು. 2003ರ ಸುಮಾರಿಗೆ ವೆನಿಲ್ಲಾಕ್ಕೆ ಬಂದ ರೇಟು ಇಲ್ಲಿ ಯಾರೂ ಮರೆತಿಲ್ಲ. ರೇಟು ನೋಡಿ ಎಲ್ಲರೂ ಬಳ್ಳಿ ಹಬ್ಬಿಸಿದರು, ನಾವೂ ಹಬ್ಬಿಸಿದೆವು. ಬಳ್ಳಿ ಹೂ ಬಿಡಲು ಮೂರು ವರ್ಷ. ಒಂದೊಂದು ಹೂವಿಗೂ ಬೆಳಿಗ್ಗೆ ಕಡ್ಡಿ ಹಿಡಿದು ಕೈಯಲ್ಲಿ ಪರಾಗ ಮುಟ್ಟಿಸಿ ಕಾಯಿ ಮಾಡಿದ ಹೊತ್ತಿಗೆ ಕೇಳುವವರಿಲ್ಲ. ಕಿತ್ತು ಹಾಕಿದೆವು. ನಾನು ನಾಲ್ಕು ಸೆಂಟಿಮೀಟರ್ ಅಂದದ್ದನ್ನು ಅವರು ಮೂರು ವರ್ಷ ಅಂದರು. ಕರಿಮೆಣಸಿನದ್ದೂ ಇದೇ ಕಥೆ ಅಂತ ಸೇರಿಸಿದರು, ಆಮೇಲೆ ಹತ್ತು ನಿಮಿಷ ಕರಿಮೆಣಸಿನ ಬಗ್ಗೆಯೇ ಮಾತಾಡಿದರು, ಅದನ್ನು ಇಲ್ಲಿ ಬಿಡುತ್ತೇನೆ.

ರಿಪೇರಿಯವನ ಬುದ್ಧಿ, ಕಾಯಿಲೆ ಕಂಡರೆ ವಾಸಿ ಮಾಡಬೇಕು. ಕಣ್ಣನ್ನು ಬತ್ತಿಯಿಂದ ಒಂದೇ ಸೆಂಟಿಮೀಟರಿಗೆ ತಂದೆ, ಇನ್ನೂ ಹತ್ತಿರ ತಂದರೆ ತೋಳು ತಾಗುತ್ತದೆ. 40 ಇಲ್ಲವೇ 4 ಅನ್ನುವ ಹಟ ಬಿಡಿಸಿ, ಎಷ್ಟು ಬೆಳ್ಳಗಿದೆಯೋ ಅಷ್ಟೇ ಜೋರು ಅನ್ನುವ ಹಾಗೆ ಬರೆದೆ. ಇಂಗ್ಲೆಂಡಿನ ಮನೋವೈದ್ಯ ರಾಸ್ ಆಶ್ಬಿ ಹೇಳಿದ ಒಂದು ನಿಯಮ ಇದೆ: ಹೊರಗೆ ಎಷ್ಟು ಬಗೆಯ ಏರುಪೇರು ಇದೆಯೋ, ಹಿಡಿತದಲ್ಲಿಡುವವನ ಕೈಯಲ್ಲಿ ಅಷ್ಟು ಬಗೆಯ ಉತ್ತರ ಇರಬೇಕು. ಎರಡೇ ಉತ್ತರ ಇಟ್ಟುಕೊಂಡು ನಾನು ಬೂದು ಬಣ್ಣ ಕೇಳಿದ್ದೆ.

ವಾಸಿಯಾಯಿತು. ಗುರಿ 400 ಅಂತ ಕೊಟ್ಟರೆ ರಾತ್ರಿಯಿಡೀ 395ರಿಂದ 405ರ ಒಳಗೇ ನಿಂತಿತು. ಆರು ಮೀಟರ್ ಕಾಗದ, ಉದ್ದಕ್ಕೂ ಒಂದೇ ಸಮನೆ ಕಂದು. ನಮ್ಮ ಚಿಕ್ಕವ್ವ ಬಂದವರು ನೋಡಿ, "ಗೋಣಿತಾಟು ನೇಯ್ದಿದ್ದೀಯಾ, ಚೆನ್ನಾಗಿದೆ" ಅಂದರು. ಹೊಗಳಿಕೆ ಅಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ತಪ್ಪು ಒಂದೂ ಇರಲಿಲ್ಲ, ನೋಡಲೂ ಏನೂ ಇರಲಿಲ್ಲ. ಮೂರು ದಿನ ಯಂತ್ರ ಮುಟ್ಟಲಿಲ್ಲ.

ನನಗೆ ಈ ಹುಚ್ಚು ಹಿಡಿಸಿದ್ದೇ ಆಶ್ಬಿಯ ಹೋಮಿಯೋಸ್ಟಾಟ್. ಆತ 1948ರಲ್ಲಿ ಯುದ್ಧದ ಕಾಲದ ಹಳೆ ಮಿಲಿಟರಿ ಸಾಮಾನುಗಳಿಂದ ನಾಲ್ಕು ಪೆಟ್ಟಿಗೆ ಮಾಡಿದ. ಒಂದೊಂದರ ಮೇಲೂ ಒಂದು ಸೂಜಿ, ಸೂಜಿಯ ತುದಿಯ ತಂತಿ ಒಂದು ನೀರಿನ ತೊಟ್ಟಿಯಲ್ಲಿ ಅದ್ದಿಕೊಂಡಿರುತ್ತದೆ, ನೀರಿನ ಮೂಲಕವೇ ವೋಲ್ಟೇಜ್ ತೆಗೆದುಕೊಳ್ಳುತ್ತದೆ. ನಾಲ್ಕೂ ಪೆಟ್ಟಿಗೆ ಒಂದನ್ನೊಂದು ಎಳೆದಾಡುತ್ತವೆ. ಯಾವುದರ ಸೂಜಿಯಾದರೂ ಮಿತಿ ದಾಟಿದರೆ ಅದು ತನ್ನ ವೈರಿಂಗನ್ನೇ ಕಣ್ಣು ಮುಚ್ಚಿ ಬದಲಿಸುತ್ತದೆ. ಒಂದೊಂದರಲ್ಲಿ 25 ಜೋಡಣೆ, ನಾಲ್ಕೂ ಸೇರಿ 3,90,625. ಎಲ್ಲ ಸೂಜಿಯೂ ನಡುವಿಗೆ ಬಂದು ನಿಲ್ಲುವ ಒಂದು ಜೋಡಣೆ ಸಿಕ್ಕುವ ತನಕ ಹುಡುಕುತ್ತಲೇ ಇರುತ್ತದೆ. ಇದನ್ನು ಓದುವಾಗೆಲ್ಲ ನನಗೆ ಖುಷಿ ಕೊಟ್ಟದ್ದು ಸೂಜಿ ನಿಲ್ಲುವುದಲ್ಲ, ನಿಲ್ಲುವ ಮೊದಲಿನ ಒದ್ದಾಟ. ನಾನು ಮಾತ್ರ ಆ ಒದ್ದಾಟವನ್ನೇ ತೆಗೆದು ಬಿಸಾಡಿದ್ದೆ. ಗೋಣಿತಾಟಿನ ಸತ್ಯ ಇಷ್ಟು.

ಜುಲೈ ಶುರುವಿಗೆ ಮಳೆಯನ್ನು ಒಳಗೆ ತಂದೆ. ಜಿಂಕ್ ಶೀಟಿನ ಅಡಿಗೆ ತಟ್ಟಿದರೆ ವೋಲ್ಟೇಜ್ ಕೊಡುವ 27 ಮಿಲಿಮೀಟರಿನ ಒಂದು ಪೀಜೋ ಬಿಲ್ಲೆ ಅಂಟಿಸಿ, ಅದರ ಎರಡು ತುದಿಗೆ ಅಡ್ಡವಾಗಿ ಒಂದು ಮೆಗಾ ಓಮ್ ರೆಸಿಸ್ಟರ್. ಹನಿ ಬಿದ್ದಾಗಲೆಲ್ಲ ಒಂದು ತಟ್ಟು, ನಿಮಿಷಕ್ಕೆ ಎಷ್ಟು ತಟ್ಟು ಅಂತ ಎಣಿಕೆ. ಜಿಟಿಜಿಟಿ ಮಳೆಗೆ 30, 40. ಜೋರು ಮಳೆಗೆ ಎಣಿಕೆಯೇ ಇಲ್ಲ, ಹನಿ ಹನಿ ಬೇರೆಯಾಗಿ ಕೇಳುವುದಿಲ್ಲ, ಲೆಕ್ಕ ಮೇಲೆ ಹೋಗಿ ಛಾವಣಿಗೆ ತಾಗಿ ನಿಂತುಬಿಡುತ್ತದೆ. ನಮ್ಮ ಕಡೆ ಜುಲೈಯಲ್ಲಿ ಹಾಗೆ ಎರಡು ದಿನ ನಿಲ್ಲುವುದೂ ಉಂಟು. ಕಾಗದ ಎರಡು ದಿನವೂ ಕಡುಕಪ್ಪು.

ಇಲ್ಲಿ ಕೈ ಹಿಡಿದದ್ದು ಇಂಗ್ಲೆಂಡಿನ ಇನ್ನೊಬ್ಬ ಸೈಬರ್ನೆಟಿಕ್ಸ್ ತಜ್ಞ ಗೋರ್ಡನ್ ಪಾಸ್ಕ್. 1953ರ ಹೊತ್ತಿಗೆ ಆತ ಮ್ಯೂಸಿಕಲರ್ ಅಂತ ಒಂದು ಯಂತ್ರ ಮಾಡಿದ್ದ, ವಾದ್ಯ ನುಡಿಸಿದರೆ ಬಣ್ಣದ ದೀಪಗಳಿಂದ ಉತ್ತರ ಕೊಡುವುದು. ವಿಶೇಷ ಏನೆಂದರೆ ನುಡಿಸುವವರು ಒಂದನ್ನೇ ಮತ್ತೆ ಮತ್ತೆ ನುಡಿಸಿದರೆ ಅದಕ್ಕೆ ಬೇಜಾರು ಬರುತ್ತಿತ್ತು, ಉತ್ತರ ಕೊಡುವುದನ್ನೇ ಕಡಿಮೆ ಮಾಡುತ್ತಿತ್ತು. ವಾದಕರು ಹೊಸದೇನಾದರೂ ಹುಡುಕಲೇಬೇಕು. ನನ್ನ ಯಂತ್ರಕ್ಕೂ ಬೇಜಾರು ಕಲಿಸಬೇಕಿತ್ತು. (1970ರಲ್ಲಿ ನೆದರ್ಲೆಂಡ್ಸಿನ ಐಂಡ್ಹೋವನ್ನಿನಲ್ಲಿ ನಿಂತ ಸೆನ್ಸ್ಟರ್, ಇಹ್ನಾಟೋವಿಚ್ ಅನ್ನುವ ಕಲಾವಿದನ ಯಂತ್ರಶಿಲ್ಪ, ದೊಡ್ಡ ಸದ್ದಿಗೆ ಕುತ್ತಿಗೆ ಹಿಂದೆಳೆದುಕೊಳ್ಳುತ್ತಿತ್ತು, ಅದನ್ನೂ ಯೋಚಿಸಿದೆ. ಆದರೆ ಕೊಡಗಿನಲ್ಲಿದ್ದುಕೊಂಡು ಮಳೆಗೆ ಹೆದರುವ ಯಂತ್ರ ಅಂದರೆ ಮರ್ಯಾದೆ ಉಳಿಯುವುದಿಲ್ಲ.)

ಎರಡು ಲೆಕ್ಕ ಇಟ್ಟೆ. ಒಂದು ಈ ನಿಮಿಷದ ತಟ್ಟು. ಇನ್ನೊಂದು ನಿಧಾನದ ಸರಾಸರಿ: ಪ್ರತಿ ನಿಮಿಷವೂ ಹಳೆಯ ಸರಾಸರಿಗೂ ಹೊಸ ಎಣಿಕೆಗೂ ಇರುವ ವ್ಯತ್ಯಾಸವನ್ನು 60ರಿಂದ ಭಾಗಿಸಿ ಸರಾಸರಿಗೆ ಸೇರಿಸುವುದು. ತೋಳಿಗೆ ಮುಟ್ಟುವುದು ಎರಡರ ನಡುವಿನ ಅಂತರ ಮಾತ್ರ. ಒಂದೇ ಸಮನೆ ಸುರಿದರೆ ಎರಡೂ ನಿಧಾನಕ್ಕೆ ಒಂದಾಗುತ್ತವೆ, ಯಂತ್ರ ಆಕಳಿಸುತ್ತದೆ. ಮಳೆ ತಟ್ಟನೆ ನಿಂತರೂ ಅದಕ್ಕೆ ಸುದ್ದಿಯೇ.

ಕಾಗದದ ಮೇಲೆ ಮಾತ್ರ ಇದು ಕೆಲಸ ಮಾಡಲಿಲ್ಲ. ಜೋರು ಮಳೆಗೆ ಎಚ್ಚರ, ಜಿಟಿಜಿಟಿಗೆ ಮೌನ. ಪೀಜೋ ಬದಲಿಸಿದೆ, ವೈರು ಬದಲಿಸಿದೆ, ಅಂಟು ಕೆರೆದು ಮತ್ತೆ ಹಾಕಿದೆ. ಎರಡು ದಿನ ವ್ಯರ್ಥ. ಕಡೆಗೆ ಸರಾಸರಿಯನ್ನು ತೆರೆಯ ಮೇಲೆ ಬರುವಂತೆ ಮಾಡಿ ಪಕ್ಕದಲ್ಲಿ ಕೂತೆ. ಮಳೆ ನಿಂತು ಐದು ಗಂಟೆಯಾಗಿದೆ, ತಟ್ಟು ಸೊನ್ನೆ, ಸರಾಸರಿ ಮಾತ್ರ 59ಕ್ಕೆ ಬಂದು ಕಲ್ಲಿನ ಹಾಗೆ ಕೂತಿದೆ. 59, 59, 59. ಪೂರ್ಣಾಂಕದ ಲೆಕ್ಕ! 59ನ್ನು 60ರಿಂದ ಭಾಗಿಸಿದರೆ ಆರ್ಡುಯಿನೋ ಸೊನ್ನೆ ಅನ್ನುತ್ತದೆ, ಉಳಿದದ್ದನ್ನು ಎಸೆಯುತ್ತದೆ. ಹಾಗಾಗಿ ಸರಾಸರಿ 59ರ ಕೆಳಗೆ ಇಳಿಯುವುದೇ ಇಲ್ಲ. ಹೊಸದಾಗಿ ಜಿಟಿಜಿಟಿ ಶುರುವಾದರೆ 40 ಬರುತ್ತದೆ, ಆದರೆ ಯಂತ್ರದ ಮನಸ್ಸಿನಲ್ಲಿ 59ರ ಮಳೆ ಇನ್ನೂ ನಿಂತಿಲ್ಲ. ಆ ಒಂದು ಸಂಖ್ಯೆಗೆ ದಶಮಾಂಶ ಕೊಟ್ಟೆ, ಸರಿಹೋಯಿತು. ಅಂಗಡಿಯಲ್ಲಿ ಇಂಥದ್ದನ್ನು ಹುಡುಗರು ಮಾಡಿದರೆ ನಾನು ಬೈಯುತ್ತೇನೆ.

ಕರೆಂಟಿನ ಕಥೆ ಬೇರೆ. ಮರ ಬಿದ್ದು ಎರಡು ದಿನ ಇರಲಿಲ್ಲ. ಪವರ್ ಬ್ಯಾಂಕ್ ಹಾಕಿದರೆ, ರೋಲರ್ ನಿಂತಿರುವಾಗ ಎಳೆಯುವ ಕರೆಂಟು ತೀರಾ ಕಡಿಮೆಯಾಗಿ ಫೋನ್ ತುಂಬಿತು ಅಂದುಕೊಂಡು ಅದು ತಾನೇ ಆಫ್ ಆಗುತ್ತದೆ. ಹಳೆ ಯುಪಿಎಸ್ಸಿನ 12 ವೋಲ್ಟ್ ಬ್ಯಾಟರಿಗೆ ಎಲ್‌ಎಂ2596 ಹಲಗೆ ಹಾಕಿ ಐದಕ್ಕೆ ಇಳಿಸಿದೆ. ಕರೆಂಟ್ ಹೋದಾಗ ಲೆಕ್ಕ ಮರೆಯದಿರಲಿ ಅಂತ ಇಇಪ್ರಾಮ್‌ನಲ್ಲಿ ಬರೆದಿಡುವ ಉದ್ದದ ಕೋಡು ಬೇರೆ ಬರೆದಿದ್ದೆ. ಒಂದು ದಿನ ಅದು ಕೈಕೊಟ್ಟು ಯಂತ್ರ ಏನೂ ನೆನಪಿಲ್ಲದೆ ಎದ್ದಿತು. ಕಣ್ಣಿನ ಕೆಳಗೆ ಕಾಗದ ಇತ್ತು. ಅದರ ಮೇಲೆ ನಿಲ್ಲುವ ಮೊದಲು ಎಳೆದ ಗೆರೆಗಳಿದ್ದವು. ಅವನ್ನು ಓದಿಕೊಂಡು ಬಿಟ್ಟ ಜಾಗದಿಂದ ಮುಂದುವರಿಯಿತು, ಎಲ್ಲಿ ನಿಂತಿತ್ತು ಅಂತ ನನಗೇ ಗುರುತು ಸಿಗಲಿಲ್ಲ. ಬಳಿದ ಕಪ್ಪಿನ ಲೆಕ್ಕ ಕಾಗದದಲ್ಲೇ ಇತ್ತು. ಮಳೆಯ ಸರಾಸರಿ ಒಂದೇ ಹೊಸದಾಗಿ ಕಟ್ಟಿಕೊಳ್ಳಬೇಕು, ಕಟ್ಟಿಕೊಳ್ಳಲಿ. ಇಇಪ್ರಾಮ್ ಕೋಡು ಅಷ್ಟೂ ಅಳಿಸಿ ಹಾಕಿದೆ.

ಈಗ ಉಳಿದದ್ದು ಬತ್ತಿಗೂ ಕಣ್ಣಿಗೂ ನಡುವಿನ ಆ ಒಂದು ಸೆಂಟಿಮೀಟರ್. ಕಣ್ಣಿನ ಪಟ್ಟಿಗೆ ಉದ್ದದ ಸೀಳು ಕೊರೆದು ಹಿಂದೆ ಮುಂದೆ ಸರಿಸುವ ಹಾಗೆ ಮಾಡಿದೆ. ಎಷ್ಟು ಜೋರಾಗಿ ತಿದ್ದಬೇಕು ಅನ್ನುವುದಕ್ಕೆ ರೇಡಿಯೋದ ಹಳೆ ವಾಲ್ಯೂಮ್ ಕಂಟ್ರೋಲು. ಕಣ್ಣು ಎರಡೂವರೆ ಸೆಂಟಿಮೀಟರಿನಲ್ಲಿ. ತಿರುಪನ್ನು ಪೂರ್ತಿ ಕೆಳಗಿಟ್ಟರೆ ಗೋಣಿತಾಟು, ಮೇಲಿಟ್ಟರೆ ಮುಗಿಯದ ಪಟ್ಟೆ. ನಡುವೆ ಒಂದು ಜಾಗವಿದೆ, ಕಡಲೆಕಾಳಿನಷ್ಟು ತಿರುವು: ಮಳೆ ಬಂದು ತಟ್ಟಿದರೆ ಒಂದು ಕಡುಪಟ್ಟೆ, ಅದರ ಹಿಂದೆ ಒಂದು ಬಿಳಿ, ಆಮೇಲೆ ಸ್ವಲ್ಪ ಮಂಕಾದ ಕಪ್ಪು, ಪ್ರತಿ ಸಲವೂ ಹಿಂದಿನದರ ಮುಕ್ಕಾಲು ಪಾಲು, ನಾಲ್ಕೈದು ಸಲಕ್ಕೆ ಕರಗಿ ಬೂದು ಬಣ್ಣಕ್ಕೆ ಸೇರುತ್ತದೆ. ಕೆರೆಗೆ ಕಲ್ಲು ಹಾಕಿದ ಹಾಗೆ. ಅಷ್ಟರಲ್ಲಿ ಇನ್ನೊಂದು ಸುರಿತ ಬಂದರೆ ಎರಡು ಅಲೆ ಒಂದರ ಮೇಲೊಂದು ಏರಿ ಕೆಲವು ಪಟ್ಟೆ ದಪ್ಪಗಾಗುತ್ತವೆ, ಕೆಲವು ಅಳಿಸಿಹೋಗುತ್ತವೆ. ವಾಸಿ ಮಾಡಲು ಹೊರಟ ತಡವನ್ನೇ ಅಳತೆ ನೋಡಿ ವಾಪಸ್ ಹಾಕಿದ್ದೆ. ಈ ಕಾಗದದ ಮೇಲೆ ನಾನು ಎಳೆದ ಗೆರೆ ಒಂದೂ ಇಲ್ಲ. ಆ ತಿರುಪನ್ನು ಹದಕ್ಕೆ ತರಲು ಮಾತ್ರ ಹನ್ನೊಂದು ರಾತ್ರಿ ಹಿಡಿಯಿತು.

ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ 18, ನಮ್ಮಲ್ಲಿ ಆಟಿ ಹದಿನೆಂಟು. ಅವ್ವ ಮದ್ದುಸೊಪ್ಪು ಅನ್ನುವ ಔಷಧಿ ಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲಿ ಪಾಯಸ ಮಾಡಿ ಒಂದು ಲೋಟ ನೀರು ನನಗೆ ಬಿಟ್ಟರು, ಕಾಚಂಪುಳಿ ಜಗಳ ಮರೆತಿದ್ದರು ಅಂತ ಕಾಣುತ್ತದೆ. ಡ್ರಿಪ್ ಸೆಟ್ಟಿಗೆ ಅದನ್ನೇ ಹಾಕಿದೆ. ಅವತ್ತಿನ ಗೆರೆಗಳು ಬಿಡಿಬಿಡಿ, ತೋಳು ಯಾಕೋ ಕಡಿಮೆ ಓಡುತ್ತಿದೆ. ತಿರುಪು ಮುಟ್ಟಿರಲಿಲ್ಲ. ಆಮೇಲೆ ಹೊಳೆಯಿತು: ಎಲ್‌ಡಿಆರಿಗೆ ಹಸಿರು ಬೆಳಕು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ, ನೇರಳೆ ನುಂಗುವುದು ಅದೇ ಹಸಿರನ್ನು. ನಮಗೆ ತಿಳಿನೇರಳೆ ಕಂಡದ್ದು ಅದಕ್ಕೆ ಕಡುಕಪ್ಪು. ಸರಿಪಡಿಸಲಿಲ್ಲ. ಅದು ನೋಡಿದ್ದು ಅದಕ್ಕೆ.

ಅಪ್ಪ ಮಳೆ ಬರೆದಿಡುವವರು. ಅಂಗಳದ ಅಳತೆ ಪಾತ್ರೆ, ಬೆಳಿಗ್ಗೆ ಕಾಫಿ ಕುಡಿದು ಏಳಕ್ಕೆ ಸರಿಯಾಗಿ, ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ, ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು. ಒಂದು ದಿನ ಪುಸ್ತಕ ತಂದು ಕಾಗದದ ಪಕ್ಕ ಇಟ್ಟರು. 4 ಇಂಚು 20 ಸೆಂಟ್ ಬಿದ್ದ ದಿನ ನನ್ನ ಕಾಗದ ಹೆಚ್ಚುಕಡಿಮೆ ಖಾಲಿ. 35 ಸೆಂಟ್ ಬಿದ್ದ ದಿನ ಉದ್ದಕ್ಕೂ ಅಲೆ. "ಸುಳ್ಳು ಲೆಕ್ಕ" ಅಂದರು. ಆ 35 ಸೆಂಟ್ ಎಷ್ಟು ಸಲ ಬಂದು ಎಷ್ಟು ಸಲ ನಿಂತಿತು ಅಂತ ಕೇಳಿದೆ. ಕನ್ನಡಕ ಸರಿಮಾಡಿಕೊಂಡು ಪಟ್ಟೆಗಳ ಗುಂಪು ಎಣಿಸಿದರು. "ಮಧ್ಯಾಹ್ನದ ಮೇಲೆ ಬಟ್ಟೆ ಹಾಕೋದು ತೆಗೆಯೋದು ಆರು ಸಲ ಆಯ್ತು ಅವ್ವಂಗೆ," ಅಂದರು. ಕಾಗದದಲ್ಲಿ ಏಳು ಗುಂಪು. ಏಳನೆಯದು ರಾತ್ರಿ ಬಂದದ್ದಿರಬೇಕು.

ಮುಗಿದ ಸುರುಳಿಗಳಿಗೆ ಒಂದೇ ವಾರದಲ್ಲಿ ಬೂಸ್ಟು ಹಿಡಿಯುತ್ತಿತ್ತು, ಅದಕ್ಕೆ ಅಡಿಗೆಮನೆಯ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದ್ದೇನೆ. ಬೂಸ್ಟು ನಿಂತಿದೆ. ಹೊಗೆಗೆ ಕಾಗದ ಕಂದಾಗುತ್ತಿದೆ, ಬಿಳಿ ಪಟ್ಟೆಗಳು ಕಾಫಿ ಬಣ್ಣಕ್ಕೆ ಬರುತ್ತಿವೆ. ಮೊನ್ನೆ ಜೂನಿನ ಒಂದು ತುಂಡನ್ನು ಇಳಿಸಿ ಕಣ್ಣಿನ ಕೆಳಗೆ ಹಿಡಿದೆ. ಬಿಳಿಗೆ 610 ಇದ್ದದ್ದು 430.